ಮಾತು ತುಂಡಾಗದ ಸವಾರಿ

ಬೀದಿ ದೀಪಗಳು ಇನ್ನೂ ಆರಿಲ್ಲ. ತಿರುವಿನ ಆಚೆಯಿಂದ ಗಾಡಿಯ ಸದ್ದಿಗಿಂತ ಮೊದಲು ಒಬ್ಬ ಹೆಂಗಸಿನ ಮಾತು ಕೇಳಿಸುತ್ತದೆ. ‘ಅದಕ್ಕೆ ನಾನಂದೆ, ನೋಡಪ್ಪಾ, ನಲ್ಲಿ ಸೋರುತ್ತೆ ಅಂತ ನಿನ್ನ ಕರೆಸಿದ್ದು. ನೀನು ಬಂದು ಹೋದ್ಮೇಲೆ ಗೋಡೇನೂ ಸೋರ್ತಾ ಇದೆ. ಇನ್ನೊಂದು ಸಲ ನೀನು ಬಂದ್ರೆ ಮನೇನೇ ತೇಲ್ಕೊಂಡು ಹೋಗು...ತ್ತೆ ಅಂತ.’ ಆಮೇಲೆ ಮೋಟಾರ್ ಬೈಕು ಕಾಣಿಸಿಕೊಳ್ಳುತ್ತದೆ. ಮುಂದೆ ಒಬ್ಬ ದೊಡ್ಡ ಆಳು, ಹೆಲ್ಮೆಟ್ಟಿನೊಳಗೆ ತುಟಿ ಬಿಗಿದು ಕೂತಿದ್ದಾರೆ. ಅವರ ಬೆನ್ನ ಮರೆಯಲ್ಲಿ ಒಬ್ಬ ಸಣ್ಣ ಹೆಂಗಸು, ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ಕಣ್ಣು ಮುಚ್ಚಿಕೊಂಡು ಮಾತಾಡುತ್ತಲೇ ಇದ್ದಾರೆ.

ಗಾಡಿ ನಿಲ್ಲುತ್ತದೆ. ‘ಎಲ್ಲಿ ಮುರೀತು?’ ಎಂದು ಮುಂದೆ ಕೂತವರು ಕೇಳುತ್ತಾರೆ. ‘ಹೋಗುತ್ತೆ ಅನ್ನೋವಾಗ. ಮುಂದಿನ ಚಕ್ರ ಹಂಪ್ ಇಳಿದಾಗಿತ್ತು. ಇದು ಹಿಂದಿನದು’ ಎಂದು ಹಿಂದೆ ಕೂತ ಹೆಂಗಸು ಕಣ್ಣು ಬಿಡದೇ ಹೇಳುತ್ತಾರೆ. ಅವರು ರಸ್ತೆ ಬದಿಯಲ್ಲೇ ಕುಕ್ಕರುಗಾಲಲ್ಲಿ ಕೂತು, ಕೊಕ್ಕೆಯಂತಿರುವ ಒಂದು ಸ್ಪಾನರನ್ನು ಹಿಂದಿನ ಸ್ಪ್ರಿಂಗಿನ ಕೊರಳಿಗೆ ಸಿಕ್ಕಿಸಿ ಒಂದು ಹಲ್ಲು ಸಡಿಲಿಸುತ್ತಾರೆ. ಗಾಡಿ ತಿರುಗಿ ಬೀದಿಯ ಆ ತುದಿಗೆ ಹೋಗುತ್ತದೆ. ಪ್ಲಂಬರನ ಕಥೆ ನಲ್ಲಿಯಿಂದ ಮತ್ತೆ ಶುರುವಾಗುತ್ತದೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಹಾಲಿನವನು ಬರುವ ಮೊದಲೇ ಶುರುವಾಗುತ್ತದಲ್ಲ ಎಂದು ಈ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ಕಿಟಕಿ ತೆರೆದು ನೋಡುವುದುಂಟು. ಹಳಬರು ನೋಡುವುದಿಲ್ಲ. ಅವರಿಗೆ ಗೊತ್ತು, ಅಲ್ಲಿ ನಡೆಯುತ್ತಿರುವುದು ಜಗಳವಲ್ಲ, ಕೆಲಸ. ಗಾಡಿಯ ಹಿಂದೆ ಕೂತ ಆ ಹೆಂಗಸಿನ ಮಾತು ಯಾವ ಹಂಪಿನಲ್ಲೂ ತುಂಡಾಗದೆ ಸಾಗಿದ ದಿನ ಆ ಗಾಡಿ ಮಾಲೀಕರ ಕೈ ಸೇರುತ್ತದೆ. ಅಲ್ಲಿಯ ತನಕ ಇಲ್ಲ.

ಎಲ್ಲರೂ ಇವರನ್ನು ಅಕ್ಕ ಎನ್ನುತ್ತಾರೆ. ಯಾವ ಅಕ್ಕ ಎಂದು ಕೇಳಿದರೆ ‘ಹಿಂದಿನ ಸೀಟಿನ ಅಕ್ಕ’. ಗಂಡನಿಗೆ ಊರೆಲ್ಲ ಮೇಸ್ತ್ರಿ ಎಂದೇ ಹೆಸರು. ಬೈಕಿನ ಎಂಜಿನ್ನನ್ನು ಮೇಸ್ತ್ರಿ ಮುಟ್ಟುವುದಿಲ್ಲ. ಅವರದು ಮುಂದಿನ ಚಕ್ರ ಹಿಡಿದ ಫೋರ್ಕು, ಹಿಂದಿನ ಚಕ್ರದ ಶಾಕಬ್ಸರು, ಅವುಗಳ ಸ್ಪ್ರಿಂಗು, ಆಯಿಲ್ಲು, ಅಷ್ಟೇ. ಕುಲುಕುವ ಗಾಡಿಯನ್ನು ಕುಲುಕದ ಹಾಗೆ ಮಾಡುವುದು. ಮೇಸ್ತ್ರಿಯ ಕೈಗುಣದ ಬಗ್ಗೆ ಬೈಕಿನ ಹುಡುಗರು ಫೋನಿನಲ್ಲಿ ವಿಡಿಯೊ ಮಾಡಿ ಹಾಕಿದ್ದಾರೆ. ನಾನೂ ಅವುಗಳನ್ನು ನೋಡಿಯೇ, ಇವರ ಬಗ್ಗೆ ಬರೆಯಲೆಂದು ಇಲ್ಲಿಗೆ ಬಂದೆ. ಒಂದರಲ್ಲೂ ಅಕ್ಕ ಇಲ್ಲ. ಒಂದರಲ್ಲಿ ಮಾತ್ರ ಹಿಂದಿನಿಂದ ಯಾರೋ ಪ್ಲಂಬರಿಗೆ ಬೈಯುತ್ತಿರುವುದು ಕೇಳಿಸುತ್ತದೆ.

ಅಂಗಡಿ ಎಂದರೆ ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಒಳಗೆ ಹೋಗುವಾಗ ಮೇಸ್ತ್ರಿ ತಲೆ ತಗ್ಗಿಸುತ್ತಾರೆ, ಅಕ್ಕ ತಗ್ಗಿಸುವುದಿಲ್ಲ. ತಂತಿಯೊಂದಕ್ಕೆ ನಾಲ್ಕಾರು ಫೋರ್ಕುಗಳು ತಲೆಕೆಳಗಾಗಿ ನೇತಾಡುತ್ತ, ಹಳೇ ಆಯಿಲ್ಲನ್ನು ಹನಿ ಹನಿಯಾಗಿ ಬಟ್ಟಲುಗಳಿಗೆ ಇಳಿಸುತ್ತಿವೆ. ಮೊಳೆ ಹೊಡೆದ ಹಲಗೆಯ ಮೇಲೆ ತೆಳ್ಳನೆಯದರಿಂದ ದಪ್ಪನೆಯದರವರೆಗೆ ಸ್ಪ್ರಿಂಗುಗಳು. ಮೂಲೆಯಲ್ಲಿ ಚಹಾ ಕಾಯಿಸುವ ಒಂದು ಸ್ಟವ್, ಅದರ ಪಕ್ಕದಲ್ಲಿ ಅಕ್ಕನ ಹೆಲ್ಮೆಟ್. ಆಯಿಲ್ ಅಳೆಯುವುದು, ಸೀಲ್ ತೊಳೆಯುವುದು, ಬುಷ್ ಒರೆಸುವುದು ಎಲ್ಲ ಅಕ್ಕನದೇ. ಅದನ್ನು ಯಾರು ಬೇಕಾದರೂ ಮಾಡಬಹುದು ಎಂದು ಅವರೇ ಹೇಳುತ್ತಾರೆ. ಹಿಂದೆ ಕೂತು ಮಾತಾಡುವುದನ್ನು ಮಾತ್ರ ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ.

‘ಸ್ಪ್ರಿಂಗು ಪೆಟ್ಟು ತಿನ್ನುತ್ತೆ. ಆಯಿಲ್ಲು ಆ ಸ್ಪ್ರಿಂಗಿಗೆ ಬುದ್ಧಿ ಹೇಳುತ್ತೆ. ಇಷ್ಟೇ ವಿದ್ಯೆ’ ಎಂದು ಮೇಸ್ತ್ರಿ ಒಂದೇ ಉಸಿರಿಗೆ ಮುಗಿಸುತ್ತಾರೆ. ಅಕ್ಕನ ವಿದ್ಯೆ ಅಷ್ಟು ಬೇಗ ಮುಗಿಯುವುದಿಲ್ಲ. ಸೀಲುಗಳನ್ನು ಒರೆಸುತ್ತ ಒಂದೊಂದಾಗಿ ಹೇಳುತ್ತಾರೆ: ‘ಮಾತು ಕತ್ತರಿಸಿದ ಹಾಗೆ ಒಂದೇ ಸಲ ನಿಂತ್ರೆ ಸ್ಪ್ರಿಂಗು ಗಟ್ಟಿ. ಗಂಟಲಲ್ಲಿದ್ದ ಮಾತು ಮೂಗಿಗೆ ಎಗರಿದ್ರೆ, ಆಯಿಲ್ಲು ತೆಳ್ಳಗಾಗಿದೆ, ಸ್ಪ್ರಿಂಗು ಅವಸರಕ್ಕೆ ಎದ್ದು ಬರ್ತಿದೆ. ಒಂದೇ ಗುಂಡಿಗೆ ಮೂರ್ನಾಲ್ಕು ಸಲ ತೂಗಿದ್ರೆ ಶಾಕಬ್ಸರಿನ ಆಯಸ್ಸು ಮುಗೀತು ಅಂತ. ಸುಮ್ಮನೆ ಚಳಿ ಬಂದವರ ಥರ ಮಾತು ನಡುಗ್ತಾನೇ ಇದ್ರೆ, ಅಯ್ಯೋ, ಅದು ಏನೂ ಅಲ್ಲ, ಟೈರಲ್ಲಿ ಗಾಳಿ ಜಾಸ್ತಿ. ಅದಕ್ಕೂ ಜೋಲು ಮುಖ ಮಾಡ್ಕೊಂಡು ಬರೋರಿದಾರೆ.’

ಕಣ್ಣು ಮುಚ್ಚುವುದು ಯಾಕೆ? ‘ಗುಂಡಿ ಕಂಡ್ರೆ ಮೈ ಮೊದಲೇ ಸಿದ್ಧ ಆಗುತ್ತೆ. ಸಿದ್ಧ ಆದ ಮೈ ಸುಳ್ಳು ಹೇಳುತ್ತೆ. ಹಿಂದೆ ಕೂತೋರಿಗೆ ಎಲ್ಲಿ ಗುಂಡಿ ಕಾಣುತ್ತೆ? ಮುಂದೆ ಇವರಂಥ ಬೆನ್ನು ಇದ್ರೆ ಊರೇ ಕಾಣಲ್ಲ.’

ಈ ವಿದ್ಯೆ ಹುಟ್ಟಿದ್ದು ಒಂದು ಗಾಯದಿಂದ. ಮದುವೆಯಾದ ಹೊಸತು. ಮೇಸ್ತ್ರಿ ಆಗಷ್ಟೇ ಸ್ವಂತ ಅಂಗಡಿ ಹಾಕಿದ್ದರು. ಯಾವ ಗಾಡಿ ಬಂದರೂ ತಾವೇ ಹತ್ತಿ ಓಡಿಸಿ ನೋಡಿ, ತಮಗೆ ಹಿತವಾದ ಹಾಗೆ ಬಿಗಿ ಮಾಡಿ ಕೊಡುತ್ತಿದ್ದರು. ಅವರ ತೂಕಕ್ಕೆ ಹಿತವಾಗುವ ಸ್ಪ್ರಿಂಗು ಅಕ್ಕನ ತೂಕಕ್ಕೆ ಕಲ್ಲು. ಹೀಗೆ ಊರಿನ ಗಾಡಿಗಳೆಲ್ಲ ಮೇಸ್ತ್ರಿಯ ಮೈಯಳತೆಗೆ ತಯಾರಾಗುತ್ತಿದ್ದವು, ಒಂದೇ ಅಳತೆಗೆ ಊರಿಗೆಲ್ಲ ಅಂಗಿ ಹೊಲಿದ ಹಾಗೆ. ಮೇಸ್ತ್ರಿಗೆ ಹೇಳುವವರು ಯಾರು? ‘ಮೊದಮೊದಲು ಹಾಗೇ ಇರುತ್ತೇನೋ’ ಎಂದುಕೊಂಡು ಎಲ್ಲರೂ ಸೊಂಟ ಹಿಡಿದುಕೊಂಡು ಹೋಗುತ್ತಿದ್ದರು.

ಒಂದು ದಿನ ಅಕ್ಕ ಗಂಡನ ಹಿಂದೆ ಕೂತು ತವರಿನ ವಿಷಯ ಹೇಳುತ್ತಿದ್ದಾಗ ಚಕ್ರ ಗುಂಡಿಗೆ ಬಿತ್ತು. ನಾಲಿಗೆ ಹಲ್ಲಿಗೆ ಸಿಕ್ಕಿತು. ಬಾಯಿ ತುಂಬ ರಕ್ತ. ಅಂದಿನಿಂದ ಗಾಡಿ ಹತ್ತಿದರೆ ಅಕ್ಕ ಬಾಯಿಗೆ ಬೀಗ ಹಾಕುತ್ತಿದ್ದರು. ಮನೆಯಲ್ಲಿ ಬಾಯಿ ಮುಚ್ಚದ ಹೆಂಡತಿ ಗಾಡಿಯ ಮೇಲೆ ಮೂಕಿಯಾಗುವುದನ್ನು ಕಂಡ ಮೇಸ್ತ್ರಿಗೆ ಒಳಗೊಳಗೇ ಹುಳ ಕೊರೆಯಲು ಶುರುವಾಯಿತು.

‘ಇವಳಿಗೆ ನನ್ನ ಜೊತೆ ಹೊರಗೆ ಬರೋದೇ ಇಷ್ಟ ಇಲ್ಲ ಅಂದ್ಕೊಂಡಿದ್ದೆ. ತಿಂಗಳುಗಟ್ಟಲೆ ಕೇಳಲೇ ಇಲ್ಲ. ಒಂದಿನ ಧೈರ್ಯ ಮಾಡಿ ಕೇಳಿದ್ರೆ ಏನಂದ್ಲು ಗೊತ್ತಾ? ಮಾತಾಡೋಕೆ ನಿಮ್ಮ ಗಾಡಿ ಎಲ್ಲಿ ಬಿಡುತ್ತೆ ಅಂದ್ಲು’ ಎನ್ನುತ್ತಾರೆ ಮೇಸ್ತ್ರಿ.

‘ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾನೂ ಅಂದಿದ್ದೆ. ಅದನ್ನ ಹೇಳಲ್ಲ ಇವರು’ ಎಂದು ಅಕ್ಕ ಒಳಗಿನಿಂದಲೇ ಸೇರಿಸುತ್ತಾರೆ.

ಶಾಕಬ್ಸರಿನ ಮೇಸ್ತ್ರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇರಲಾರದು. ಅಂದಿನಿಂದ ಅಂಗಡಿಯ ಕೆಲಸ ಮುಗಿದ ಮೇಲೆ ತಮ್ಮದೇ ಗಾಡಿ ಬಿಚ್ಚಲು ಶುರು ಮಾಡಿದರು. ಸ್ಪ್ರಿಂಗು ಬದಲಿಸಿ, ಆಯಿಲ್ಲು ಬದಲಿಸಿ, ‘ಈಗ ಮಾತಾಡು’ ಎನ್ನುತ್ತಿದ್ದರು. ಮಾತಾಡು ಎಂದು ಹೆಂಡತಿಯನ್ನು ಬೇಡಿಕೊಂಡ ಗಂಡ ಈ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು. ತುಂಬ ದಿನಗಳಾದ ಮೇಲೆ ಒಮ್ಮೆ ಅಕ್ಕ ಅರ್ಧಕ್ಕೆ ನಿಂತಿದ್ದ ತವರಿನ ವಿಷಯವನ್ನು ಗುಂಡಿಗಳ ಮೇಲೆಯೇ ಪೂರ್ತಿ ಹೇಳಿ ಮುಗಿಸಿದರು. ಆ ವಿಷಯ ಏನಾಗಿತ್ತು ಎಂದು ಕೇಳಿದರೆ ಇಬ್ಬರಿಗೂ ನೆನಪಿಲ್ಲ.

ಅಂದಿನಿಂದ ಅಂಗಡಿಯಲ್ಲಿ ಒಂದು ಕಟ್ಟಳೆ. ಗಾಡಿ ಕುಲುಕುತ್ತದೆ ಎಂದು ಬಂದವರು ತಮ್ಮ ಹಿಂದೆ ಕೂರುವವರನ್ನೂ ಕರೆತರಬೇಕು. ಹೆಂಡತಿಯೋ, ತಾಯಿಯೋ, ಗೆಳೆಯನೋ. ಅವರ ತೂಕಕ್ಕೆ ಸ್ಪ್ರಿಂಗು ಆರಿಸಿ, ಮೊದಲು ಅಕ್ಕ ಕೂತು ನೋಡಿ, ಆಮೇಲೆ ಅವರನ್ನು ಕೂರಿಸುತ್ತಾರೆ. ದಿನಕ್ಕೆ ಮೂರೋ ನಾಲ್ಕೋ ಗಾಡಿ, ವಾರದ ಕೊನೆಯಲ್ಲಿ ಇನ್ನೂ ಹೆಚ್ಚು.

ಇದೆಲ್ಲ ಸುಲಭವಾಗಿ ನಡೆದದ್ದಲ್ಲ. ಸೊಸೆ ಹಗಲೆಲ್ಲ ಊರವರ ಗಾಡಿಗಳ ಮೇಲೆ ಸುತ್ತುತ್ತಾಳೆ ಎಂದು ಅತ್ತೆ ವರ್ಷಾನುಗಟ್ಟಲೆ ಮುಖ ಗಂಟು ಹಾಕಿಕೊಂಡಿದ್ದರು. ಬೀದಿಯ ಬಾಯಿಗೆ ಬಟ್ಟೆ ತುರುಕುವವರಿಲ್ಲ. ‘ಹೆಂಡತಿಯನ್ನ ಕೂರಿಸ್ಕೊಂಡು ಕಂಡವರ ಪೆಟ್ರೋಲಲ್ಲಿ ತಿರುಗಾಡ್ತಾನೆ’ ಎಂದು ಪಕ್ಕದ ಅಂಗಡಿಯವನೊಬ್ಬ ಹಬ್ಬಿಸಿದ್ದ. ಸೈಲೆನ್ಸರ್ ತಗುಲಿ ಅಕ್ಕನ ಬಲಗಾಲಿನ ಮೀನಖಂಡದಲ್ಲಿ ಸುಟ್ಟ ಕಲೆಗಳಾಗಿವೆ. ಧೂಳು ಕುಡಿದು ಕುಡಿದು ಚಳಿಗಾಲದಲ್ಲಿ ಗಂಟಲು ಕಟ್ಟುತ್ತದೆ. ಗಂಟಲು ಕಟ್ಟಿದ ದಿನ ಅಂಗಡಿ ಅರ್ಧ ಬಾಗಿಲು. ‘ಅಮ್ಮ ಬಾಯಿ ಮುಚ್ಚಿದ್ರೆ ಅಪ್ಪನಿಗೆ ವ್ಯಾಪಾರ ಇಲ್ಲ’ ಎಂದು ಮಗಳು ತಮಾಷೆ ಮಾಡುತ್ತಾಳಂತೆ. ಕೊನೆಗೆ ಅತ್ತೆಯ ಮುಖ ಸಡಿಲಾದದ್ದು, ಮಂಡಿನೋವಿನ ಅವರನ್ನು ಮಗನ ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದ ದಿನ. ಹೋಗುವ ದಾರಿಯುದ್ದಕ್ಕೂ ಅವರು ಸೊಸೆಯ ಮೇಲೆ ಚಾಡಿ ಹೇಳಿದರಂತೆ, ಒಂದು ಕಡೆಯೂ ಮಾತು ತುಂಡಾಗಲಿಲ್ಲವಂತೆ.

ನಾನು ಹೋದ ಶನಿವಾರ, ಬೆಳಗಿನ ಚಹಾ ಮುಗಿಯುವಷ್ಟರಲ್ಲಿ ಒಬ್ಬ ಬಡಗಿ ತಮ್ಮ ಬೈಕು ತಳ್ಳಿಕೊಂಡು ಬರುತ್ತಾರೆ. ಹಿಂದೆ ಅವರ ಹೆಂಡತಿ ನಡೆದು ಬರುತ್ತಾರೆ. ಗಾಡಿ ಕೆಟ್ಟಿಲ್ಲ. ಹೆಂಡತಿ ಹತ್ತುವುದಿಲ್ಲ, ಅದಕ್ಕೇ ಇಬ್ಬರೂ ನಡೆದು ಬಂದಿದ್ದಾರೆ.

ಹೆಂಡತಿ ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂರಿಸುವವರು. ಬೆನ್ನಿನ ಡಿಸ್ಕ್ ಜಾರಿ, ಆಪರೇಷನ್ ಆಗಿ, ತಿಂಗಳುಗಟ್ಟಲೆ ಮಲಗಿ ಎದ್ದಿದ್ದಾರೆ. ಗಾಡಿಯಲ್ಲಿ ಕೂರಬಹುದು, ಆದರೆ ಎಗರಬಾರದು ಎಂದು ಡಾಕ್ಟರ್ ಹೇಳಿದ್ದಾರೆ. ಸೋಮವಾರ ಬೆಳಗ್ಗೆ ಹಾಜರಾಗದಿದ್ದರೆ ಅವರ ಮೆಷಿನ್ನು ಬೇರೆಯವರಿಗೆ ಹೋಗುತ್ತದೆ. ಬಸ್ಸಿನಲ್ಲಿ ಎರಡು ಕಡೆ ಇಳಿದು ಹತ್ತಿ, ನಿಂತೇ ಹೋಗಬೇಕು, ಅದು ಆಗದ ಮಾತು. ಉಳಿದದ್ದು ಗಂಡನ ಬೈಕು. ಆ ದಾರಿಯಲ್ಲಿ ಒಂದು ರೈಲ್ವೆ ಗೇಟಿದೆ. ಕಳೆದ ವಾರ ಅಭ್ಯಾಸಕ್ಕೆಂದು ಹೊರಟವರು ಆ ಗೇಟಿನಲ್ಲಿ ಚೀರಿ, ಇಳಿದು, ಅಳುತ್ತ ಮನೆಗೆ ನಡೆದು ಬಂದಿದ್ದಾರೆ.

‘ಇದ್ದಿದ್ರಲ್ಲೇ ಒಳ್ಳೇದು ಹಾಕಿಸಿದೀನಿ ಅಕ್ಕ. ಗ್ಯಾಸ್ ತುಂಬಿರೋದು. ಆಮೇಲೆ ನಾನೇ ಪೂರ್ತಿ ಬಿಗಿ ಮಾಡಿದೀನಿ, ಇಷ್ಟೂ ಅಲ್ಲಾಡಲ್ಲ ಈಗ’ ಎಂದು ಬಡಗಿ ಹಿಂದಿನ ಶಾಕಬ್ಸರನ್ನು ತೋರಿಸುತ್ತಾರೆ. ಪಕ್ಕದಲ್ಲಿ ಸಣ್ಣ ಸಿಲಿಂಡರ್ ಅಂಟಿಕೊಂಡಿರುವ, ಥಳಥಳ ಹೊಳೆಯುವ ಜೋಡಿ. ಅಲ್ಲಾಡದ ಕುರ್ಚಿಯೇ ಒಳ್ಳೆಯ ಕುರ್ಚಿ ಎಂದು ಜೀವಮಾನವಿಡೀ ನಂಬಿದ ಮನುಷ್ಯ, ಗಾಡಿಗೂ ಅದನ್ನೇ ಮಾಡಿದ್ದಾರೆ.

ಅಕ್ಕ ಮೇಸ್ತ್ರಿಯ ಹಿಂದೆ ಕೂತು ಒಂದು ಸುತ್ತು ಹೋಗಿ ಬರುತ್ತಾರೆ. ಪ್ಲಂಬರನ ಕಥೆ ಅಕ್ಷರ ಅಕ್ಷರವಾಗಿ ಒಡೆದುಹೋಗಿದೆ.

‘ಕುರ್ಚಿ ಮೇಲೆ ಕೂತ ಹಾಗೇ ಇದೆ ತಮ್ಮಾ’ ಎನ್ನುತ್ತಾರೆ. ಬಡಗಿಯ ಮುಖ ಅರಳುತ್ತದೆ. ‘ಆದ್ರೆ ಕುರ್ಚಿ ರಸ್ತೆ ಮೇಲೆ ಓಡಲ್ವಲ್ಲ. ಕೂತ ತಕ್ಷಣ ಗಾಡಿ ಸ್ವಲ್ಪ ಕುಸೀಬೇಕು. ಕುಸಿದ್ರೆ ತಾನೇ, ಗುಂಡಿ ಬಂದಾಗ ಚಕ್ರ ಕೆಳಗಿಳಿಯೋಕೆ ಜಾಗ? ನಿನ್ನದು ಕುಸಿಯೋದೇ ಇಲ್ಲ. ಮುಂದಿನ ಫೋರ್ಕು ನೋಡಿದ್ರೆ ಹಳೇದು, ಬುಸ್ಸಂತ ಕೂರುತ್ತೆ. ಎತ್ತು ಏರಿಗೆ, ಕೋಣ ನೀರಿಗೆ.’

ಮೇಸ್ತ್ರಿ ಕೆಲಸಕ್ಕೆ ಇಳಿಯುತ್ತಾರೆ. ಬಡಗಿ ಹಾಕಿಸಿದ ಶಾಕಬ್ಸರನ್ನು ಎಸೆಯುವುದಿಲ್ಲ, ಅದು ಒಳ್ಳೆಯ ಮಾಲೇ. ಅದರ ಸ್ಪ್ರಿಂಗು ಮಾತ್ರ ಇವರಿಗಿಂತ ಭಾರದವರಿಗೆ ಹೇಳಿದ್ದು. ಗಂಡ ಹೆಂಡತಿ ಇಬ್ಬರನ್ನೂ ಗಾಡಿಯ ಮೇಲೆ ಕೂರಿಸಿ, ಎಷ್ಟು ಕುಸಿಯುತ್ತದೆ ಎಂದು ಅಳೆದು, ಅದಕ್ಕೆ ತಕ್ಕ ಮೃದುವಾದ ಸ್ಪ್ರಿಂಗು ತೊಡಿಸುತ್ತಾರೆ. ಮುಂದಿನ ಫೋರ್ಕು ಬಿಚ್ಚಿ, ಒಂದು ತುದಿಯಲ್ಲಿ ಒತ್ತೊತ್ತಾಗಿ, ಇನ್ನೊಂದು ತುದಿಯಲ್ಲಿ ವಿರಳವಾಗಿ ಸುತ್ತಿದ ಹೊಸ ಸ್ಪ್ರಿಂಗು ಇಳಿಸುತ್ತಾರೆ. ಸಣ್ಣ ಪೆಟ್ಟಿಗೆ ಒತ್ತಾದ ಭಾಗ ಮಣಿಯುತ್ತದೆ, ದೊಡ್ಡ ಪೆಟ್ಟಿಗೆ ಉಳಿದ ಭಾಗ ಹೆಗಲು ಕೊಡುತ್ತದೆ. ಅಕ್ಕ ಹೊಸ ಆಯಿಲ್ಲು ಅಳೆದು ಸುರಿಯುತ್ತಾರೆ. ಫೋರ್ಕಿನ ಕೊಳವೆಗೆ, ಜಾರುವಂತೆ, ಒಂದು ಪ್ಲಾಸ್ಟಿಕ್ ಟೈ ಕಟ್ಟುತ್ತಾರೆ. ಪೆಟ್ಟು ಬಿದ್ದಾಗ ಫೋರ್ಕು ಎಷ್ಟು ಇಳಿಯಿತು ಎಂಬುದಕ್ಕೆ ಅದೇ ಸಾಕ್ಷಿ. ಶನಿವಾರ ಇಡೀ ದಿನ, ಭಾನುವಾರ ಮಧ್ಯಾಹ್ನದವರೆಗೂ ಇದೇ ಕೆಲಸ.

ಭಾನುವಾರ ಮೇಸ್ತ್ರಿ, ಅಕ್ಕ ಇಬ್ಬರೂ ಆ ಗಾಡಿಯಲ್ಲಿ ರೈಲ್ವೆ ಗೇಟು ದಾಟಿ ಬರುತ್ತಾರೆ. ಪ್ಲಂಬರಿಗೆ ಎರಡು ಹಳಿಗಳ ಮೇಲೂ ಸುಸೂತ್ರವಾಗಿ ಬೈಗುಳ ಸಂದಿದೆ. ಮೇಸ್ತ್ರಿ ಕೈ ಒರೆಸಿಕೊಂಡು ಬಡಗಿಗೆ ಕೀಲಿ ಕೊಡುತ್ತಾರೆ. ಅವರು ಹೆಂಡತಿಯನ್ನು ಕೂರಿಸಿಕೊಂಡು ಹೊರಡುತ್ತಾರೆ. ನಾವು ಚಹಾ ಬಗ್ಗಿಸಿಕೊಳ್ಳುತ್ತೇವೆ.

ಸ್ವಲ್ಪ ಹೊತ್ತಿನಲ್ಲಿ ಬಡಗಿ ಗಾಡಿ ತಳ್ಳಿಕೊಂಡು, ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಡೆದು ಬರುತ್ತಾರೆ.

‘ಅದೇ ನೋವು. ಗೇಟಲ್ಲಿ ಬೆನ್ನಿಗೆ ಸುತ್ತಿಗೇಲಿ ಹೊಡೆದ ಹಾಗಾಯ್ತು. ನಾಳೆ ಹೋಗೋದು ನನ್ನ ಕೈಲಾಗಲ್ಲ ಬಿಡಿ. ಯಾರಾದ್ರೂ ಕಾಲರ್ ಕೂರಿಸ್ಕೊಳ್ಳಲಿ’ ಎಂದು ಆಕೆ ಸ್ಟೂಲಿನ ಮೇಲೆ ಕೂರುತ್ತಾರೆ. ಅಳುವುದಿಲ್ಲ. ಅತ್ತಿದ್ದರೆ ನೋಡಲು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮೇಸ್ತ್ರಿಗೆ ದಿಕ್ಕು ತೋಚುವುದಿಲ್ಲ. ನಟ್ಟು, ಬುಷ್ಷು, ಟೈರಿನ ಗಾಳಿ ಎಲ್ಲ ಮತ್ತೆ ನೋಡುತ್ತಾರೆ. ಎಲ್ಲ ಸರಿಯಿದೆ. ಅಕ್ಕ ಮಾತ್ರ ಫೋರ್ಕಿನ ಮುಂದೆ ಬಗ್ಗಿ ಆ ಪ್ಲಾಸ್ಟಿಕ್ ಟೈಯನ್ನೇ ನೋಡುತ್ತಿದ್ದಾರೆ. ಮೇಸ್ತ್ರಿ ಓಡಿಸಿದಾಗ ಅದು ಕೊಳವೆಯ ನಡುವಿನಲ್ಲಿ ನಿಂತಿತ್ತು. ಈಗ ಕೊನೆಯ ತನಕ ಸರಿದಿದೆ. ಅಕ್ಕ ಹೆಲ್ಮೆಟ್ ಎತ್ತಿಕೊಳ್ಳುತ್ತಾರೆ.

‘ನಡಿ ತಮ್ಮಾ, ನಿನ್ನ ಹಿಂದೆ ನಾನು ಕೂರ್ತೀನಿ.’

ಇಬ್ಬರೂ ಹೋಗಿ ಬರುತ್ತಾರೆ. ಇಳಿಯುವಾಗ ಅಕ್ಕ ತಮ್ಮದೇ ಸೊಂಟ ನೀವಿಕೊಳ್ಳುತ್ತಿದ್ದಾರೆ. ಮೇಸ್ತ್ರಿ ಎಂದಿನಂತೆ ‘ಎಲ್ಲಿ ಮುರೀತು?’ ಎನ್ನುತ್ತಾರೆ.

‘ಗಾಡೀಲಿ ಅಲ್ಲ ರೀ. ಇವನ ಕೈಯಲ್ಲಿ’ ಎಂದು ಅಕ್ಕ ಬಡಗಿಯ ಕಡೆ ತಿರುಗುತ್ತಾರೆ. ‘ಗೇಟು ಕಂಡ ತಕ್ಷಣ ಉಸಿರು ಹಿಡೀತೀಯ. ಬ್ರೇಕೂ ಹಿಡೀತೀಯ. ಹಳಿ ದಾಟೋ ತನಕ ಎರಡನ್ನೂ ಬಿಡಲ್ಲ. ಬ್ರೇಕ್ ಹಿಡಿದ್ರೆ ಫೋರ್ಕು ಆಗಲೇ ಕುಸಿದು ಕೂತಿರುತ್ತೆ. ಆಮೇಲೆ ಹಳಿ ಬಂದು ಹೊಡೆದ್ರೆ ಅದು ಇನ್ನೆಲ್ಲಿ ಕುಸೀಬೇಕು? ಪೆಟ್ಟು ನೇರ ಮೈಗೆ ಬರುತ್ತೆ. ಹಿಂದೆ ಸೀಟು ಬೇರೆ ಎದ್ದಿರುತ್ತೆ.’

‘ಅವಳಿಗೆ ನೋವಾಗಬಾರದು ಅಂತ ಅಕ್ಕ, ನಿಧಾನಕ್ಕೆ ದಾಟೋಣ ಅಂತ...’ ಎಂದು ಬಡಗಿ ಹೆಂಡತಿಯ ಕಡೆ ನೋಡುತ್ತಾರೆ.

‘ಗೊತ್ತು ಕಣಪ್ಪಾ. ಬೇಡ ಅಂದೋರು ಯಾರು? ಎಷ್ಟು ನಿಧಾನ ಮಾಡ್ಬೇಕೋ ಹಳಿಗಿಂತ ಮೊದಲೇ ಮಾಡು. ಹಳಿ ಬಂತಾ, ಬ್ರೇಕ್ ಬಿಟ್ಟುಬಿಡು. ಮಿಕ್ಕಿದ್ದು ಸ್ಪ್ರಿಂಗು ನೋಡ್ಕೊಳ್ಳುತ್ತೆ. ಅದಕ್ಕೂ ಸ್ವಲ್ಪ ಕೆಲಸ ಮಾಡೋಕೆ ಬಿಡು.’

ಹೇಳಿದಷ್ಟು ಸುಲಭವಲ್ಲ. ಬಡಗಿ ಒಬ್ಬರೇ ಹೋದಾಗ ಸರಾಗವಾಗಿ ದಾಟುತ್ತಾರೆ. ಹೆಂಡತಿಯನ್ನು ಕೂರಿಸಿಕೊಂಡು ಬೀದಿಯ ಹಂಪಿಗೆ ಹೋದರೆ ಬೆರಳುಗಳು ತಾವಾಗಿಯೇ ಬ್ರೇಕಿನ ಮೇಲೆ ಬಿಗಿಯುತ್ತವೆ. ಎರಡು ಸಲ, ಮೂರು ಸಲ, ಅದೇ ಕಥೆ. ‘ಅವಳು ಹಿಂದೆ ಹೇಗಿದಾಳೋ ನಂಗೆ ಗೊತ್ತಾಗಲ್ಲ ಅಕ್ಕ. ಕಾಣಲ್ಲ. ಸುಮ್ಮನೆ ಕೂತಿರ್ತಾಳೆ. ನೋವು ತಿಂತಾ ಇದಾಳೇನೋ ಅನ್ಸುತ್ತೆ. ಕೈ ತಾನೇ ಹಿಡಿದುಬಿಡುತ್ತೆ’ ಎನ್ನುತ್ತಾರೆ. ಹೆಂಡತಿ ತಲೆ ತಗ್ಗಿಸಿ ಸೆರಗಿನ ಅಂಚು ತಿರುಚುತ್ತಿದ್ದಾರೆ. ಆಪರೇಷನ್ ಆದ ಮೇಲೆ ಗಾಡಿಯ ಮೇಲೆ ಆಕೆ ಒಂದು ಮಾತೂ ಆಡಿಲ್ಲವಂತೆ. ಹಲ್ಲು ಕಚ್ಚಿಕೊಂಡು ಕೂರುವುದೇ ಅಭ್ಯಾಸವಾಗಿದೆ.

ಅಕ್ಕ ಆಕೆಯ ಎದುರು ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಇಷ್ಟು ಹೊತ್ತಿನ ಜೋರು ಈಗ ಇಲ್ಲ.

‘ತಂಗಿ, ನೀನು ಮಾತಾಡ್ಬೇಕು. ನೀನು ಸುಮ್ಮನಿದ್ರೆ ಅವನಿಗೆ ನಿನ್ನ ನೋವೇ ಕೇಳಿಸ್ತಾ ಇರುತ್ತೆ. ಇಲ್ಲದಿರೋ ನೋವೂ ಕೇಳಿಸುತ್ತೆ. ನೀನು ಮಾತಾಡ್ತಾ ಇದ್ರೆ ನೀನು ಚೆನ್ನಾಗಿದೀಯ ಅಂತ ಅವನ ಕೈಗೆ ಗೊತ್ತಾಗುತ್ತೆ.’

‘ಏನು ಮಾತಾಡ್ಲಿ ಅಕ್ಕ? ಗಾಡಿ ಹತ್ತಿದ್ರೆ ತಲೇಲಿ ಏನೂ ಇರಲ್ಲ, ಗೇಟು ಒಂದೇ.’

‘ನಿಂಗೆ ಚೆನ್ನಾಗಿ ಗೊತ್ತಿರೋದು ಏನು?’

ಆಕೆ ಯೋಚಿಸುತ್ತಾರೆ. ‘ಕಾಲರ್ ಕೂರಿಸೋದು.’

‘ಅದನ್ನೇ ಹೇಳು. ನಾಳೆ ಬೆಳಗ್ಗೆ ಮನೆಯಿಂದ ಶುರು ಮಾಡು, ಕಾರ್ಖಾನೆ ಬಾಗಿಲಲ್ಲಿ ಮುಗಿಸು. ನಡುವೆ ಗೇಟು ಬಂದ್ರೆ ಬರಲಿ. ಅವನಿಗೂ ಕಲಿತ ಹಾಗಾಗುತ್ತೆ, ಎಷ್ಟು ದಿನ ಬರೀ ಮರ ಕುಯ್ತಾನೆ?’

ಆಕೆ ನಕ್ಕದ್ದು ಆ ಎರಡು ದಿನಗಳಲ್ಲಿ ಅದೇ ಮೊದಲು. ಆದರೂ ಅಂದು ಮನೆಗೆ ನಡೆದೇ ಹೋಗುತ್ತಾರೆ. ಬಡಗಿ ಗಾಡಿ ತಳ್ಳಿಕೊಂಡು ಪಕ್ಕದಲ್ಲಿ.

ಅವರು ಹೋದ ಮೇಲೆ ನಾನು ಅಕ್ಕನಿಗೆ ಎಲ್ಲರನ್ನೂ ಕೇಳುವ ಪ್ರಶ್ನೆ ಕೇಳುತ್ತೇನೆ. ಏನಾದರೂ ಆಸೆ? ಬೋರ್ಡಿನ ಮೇಲೆ ತಮ್ಮ ಹೆಸರು? ವಿಡಿಯೊದಲ್ಲಿ ತಮ್ಮ ಮುಖ? ಅಕ್ಕ ಕೈ ಝಾಡಿಸುತ್ತಾರೆ. ‘ಹಿಂದೆ ಕೂತೋರ ಮುಖ ಯಾರಿಗೆ ಬೇಕು? ಒಂದೇ ಆಸೆ ಇದೆ. ನಮ್ಮ ದೊಡ್ಡಕ್ಕ ಬೆಟ್ಟದ ಆಚೆ ಇದಾಳೆ, ಅರ್ಧ ದಿನದ ದಾರಿ, ರಸ್ತೆ ಇಲ್ಲ ಅಂತಾನೇ ಹೇಳ್ಬೇಕು. ಇಲ್ಲಿಂದ ಅಲ್ಲೀ ತನಕ ಒಂದು ಕಡೇನೂ ತುಂಡಾಗದೆ ಮಾತಾಡ್ಕೊಂಡು ಹೋಗ್ಬೇಕು.’

‘ಅರ್ಧ ದಿನ?’ ಎಂದು ಮೇಸ್ತ್ರಿ ಬೆಚ್ಚಿಬೀಳುತ್ತಾರೆ. ‘ಮುಂದೆ ಕೂತೋರಿಗೂ ಏನಾದ್ರೂ ಶಾಕಬ್ಸರ್ ಇದೆಯಾ ನೋಡ್ಬೇಕು.’

ಸೋಮವಾರ. ಆಕಾಶ ಆಗಷ್ಟೇ ಬೂದು ಬಣ್ಣಕ್ಕೆ ತಿರುಗುತ್ತಿದೆ. ಅಕ್ಕ, ಮೇಸ್ತ್ರಿ, ನಾನು ರೈಲ್ವೆ ಗೇಟಿನ ಪಕ್ಕ ನಿಂತಿದ್ದೇವೆ. ಬನ್ನಿ ಎಂದು ನಮ್ಮನ್ನು ಯಾರೂ ಕರೆದಿಲ್ಲ. ಕಾರ್ಖಾನೆಗೆ ಹೋಗುವವರ ಸೈಕಲ್ಲು, ಬೈಕುಗಳು ಒಂದೊಂದಾಗಿ ದಾಟುತ್ತಿವೆ. ಹಳಿಗಳ ನಡುವಿನ ಕಲ್ಲುಹಾಸು ಕಿತ್ತು ಬಂದಿದೆ, ದಾಟುವವರೆಲ್ಲ ಒಮ್ಮೆ ತಲೆ ಕುಣಿಸಿಯೇ ಹೋಗುತ್ತಾರೆ. ಮೇಸ್ತ್ರಿ ಗಡಿಯಾರ ನೋಡುತ್ತಾರೆ. ‘ಹೊರಟೇ ಇಲ್ವೇನೋ’ ಎನ್ನುತ್ತಾರೆ. ಮೂರು ದಿನಗಳಲ್ಲಿ ಅಕ್ಕ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ.

ಆಮೇಲೆ ತಿರುವಿನಲ್ಲಿ ಬೈಕು ಕಾಣುತ್ತದೆ. ಬಡಗಿ ಮುಂದೆ, ಬೆನ್ನು ನೆಟ್ಟಗೆ. ಗೇಟಿಗೆ ಇನ್ನೂ ದೂರವಿರುವಾಗಲೇ ಗಾಡಿ ನಿಧಾನವಾಗುತ್ತದೆ. ಅಕ್ಕ ಕಣ್ಣು ಮುಚ್ಚಿಕೊಳ್ಳುತ್ತಾರೆ. ‘ಬಿಡು, ಬಿಡು, ಈಗ ಬಿಡು’ ಎಂದು ಉಸಿರಲ್ಲೇ ಅನ್ನುತ್ತಿದ್ದಾರೆ. ಮುಂದಿನ ಚಕ್ರ ಮೊದಲ ಹಳಿ ಏರುವಾಗ ಆ ಹೆಂಗಸಿನ ಧ್ವನಿ ನಮ್ಮನ್ನು ಮುಟ್ಟುತ್ತದೆ.

‘...ಮೂಲೆ ತಿರುಗಿಸೋವಾಗ ಸೂಜಿ ಬಟ್ಟೇಲೇ ಇರ್ಬೇಕು, ಎತ್ತಬಾರದು, ಬಟ್ಟೇನ ಮಾತ್ರ ತಿರುಗಿಸ್ಬೇಕು, ಅವಸರ ಮಾಡಿ ಎತ್ತಿದ್ರೋ ಕಾಲರಿನ ಮೂತಿ ಸೊಟ್ಟಗಾಗುತ್ತೆ, ಮೊನ್ನೆ ನೀವು ಹಾಕ್ಕೊಂಡಿದ್ರಲ್ಲ ಆ ಶರ್ಟಿನ ಹಾಗೆ, ಅದನ್ನ ನಾನು ಹೊಲಿದಿದ್ದು ಅಂತ ಮಾತ್ರ ಯಾರ ಹತ್ರಾನೂ ಹೇಳ್ಬೇಡಿ...’

ಬೈಕು ದಾಟಿ ಹೋಗುತ್ತದೆ. ಅವರು ನಮ್ಮನ್ನು ನೋಡಲೇ ಇಲ್ಲ. ಮಾತು ಕಾರ್ಖಾನೆಯ ಕಡೆಗೆ ಸಣ್ಣದಾಗುತ್ತ ಹೋಗುತ್ತದೆ, ಆದರೆ ನಿಲ್ಲುವುದಿಲ್ಲ. ಮೇಸ್ತ್ರಿ ಹೆಂಡತಿಯ ಕಡೆ ತಿರುಗಿ, ಅಭ್ಯಾಸಬಲದಿಂದ, ‘ಎಲ್ಲಾದ್ರೂ ಮುರೀತಾ?’ ಎಂದು ಕೇಳುತ್ತಾರೆ.

ಅಕ್ಕ ಕಣ್ಣು ತೆರೆದು, ಸೆರಗಿನಿಂದ ಒರೆಸಿಕೊಳ್ಳುತ್ತಾರೆ.

‘ಸೊಟ್ಟಗೆ ಅನ್ನೋವಾಗ ಹಿಂದಿನ ಚಕ್ರ ಹಳಿ ಮೇಲಿತ್ತು ರೀ. ಒಂದು ಒತ್ತಕ್ಷರಾನೂ ಉದುರಲಿಲ್ಲ.’